ಪುಸೂನ್ ಘ್ಯಾ, ಮಗ

ಒಂದು ಮಾತು ಕೇಳಬೇಕಾಗಿತ್ತು. ಒಂದೇ ಒಂದು ಮಾತು. ಎರಡು ವರ್ಷ ಆಯಿತು, ಸಿದ್ದಾರೂಢನ ಹೊಟ್ಟೆಯೊಳಗಿನ ಬೆಂಕಿ ಇನ್ನೂ ಇದೇ ಮಾತಿಗೆ ಹತ್ತಿಕೊಳ್ಳುತ್ತದೆ. ಪುಣೆಯ ಹಡಪಸರದ ಗಾಡಿತಳದ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿದೆ ಅವನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹಳೇ ಗಿರಾಕಿ ಯಾರಾದರೂ ಬಂದು "ಮನೋಜ ಕಾಣವಲ್ಲ, ಎಲ್ಲಿ ಹ್ವಾದ?" ಅಂದರೆ ಸಾಕು, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಟೇಬಲ್ಲಿಗೆ ಕುಟ್ಟಿ ಹೇಳುತ್ತಾನೆ: "ಹ್ವಾದ ನೋಡ್ರಿ. ಬಾಯಿ ಇದ್ದೂ ಒಂದ್ ಮಾತ್ ಕೇಳಲಾರದ ಮನುಷ್ಯಾ ಅಂವ."

ಸಿದ್ದಾರೂಢ ಮಹಾರಾಷ್ಟ್ರದ ಗಡಿಯ ಜತ್ತ ಕಡೆಯವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಏಳನೇ ಇಯತ್ತೆಯಲ್ಲಿ ಮಾಸ್ತರರ ಕೈಯ ಛಡಿ ಕಸಿದು ಎರಡು ತುಂಡು ಮಾಡಿದ ದಿನ ಸಾಲೆ ಬಿಟ್ಟ. ಪುಣೆಗೆ ಬಂದು ಮೊದಲು ಮೋಟಾರಿಗೆ ತಂತಿ ಸುತ್ತಿದ, ಆಮೇಲೆ ಟೀವಿ ಬಿಚ್ಚಿದ, ಟೀವಿ ರಿಪೇರಿಗೆ ಕಾಲ ಮುಗಿದ ಮೇಲೆ ಕಂಪ್ಯೂಟರಿಗೆ ಕೈ ಹಾಕಿದ. ಇಂಗ್ಲಿಷ್ ಇವತ್ತಿಗೂ ಓದಲು ಬಾರದು. ಆದರೆ ವಿಂಡೋಸ್ ಹಾಕುವಾಗ ಯಾವ ಪರದೆ ಆದ ಮೇಲೆ ಯಾವ ಪರದೆ ಬರುತ್ತದೆ, ಎಷ್ಟನೇ ಸಾಲಿಗೆ ಹೋಗಿ ಒತ್ತಬೇಕು, ಯಾವ ಸಾಲಿಗೆ ಸತ್ತರೂ ಕೈ ಹಚ್ಚಬಾರದು, ಎಲ್ಲ ಬೆರಳಿಗೆ ಗೊತ್ತು. ಸತ್ತು ಮಲಗಿದ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ, ಒಳಗಿದ್ದ ಗಿರಾಕಿಯ ಸಾಮಾನನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಟ್ಟು, ಆಮೇಲೇ ಹೊಸ ವಿಂಡೋಸ್. ಹದಿನೆಂಟು ವರ್ಷದಲ್ಲಿ ಒಬ್ಬರದೂ ಒಂದು ಫೋಟೋ ಕಳೆದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಗಿರಾಕಿ ಏನು ಅಂದನೋ ಅದನ್ನೇ, ಬಾಯಿಂದ ಬಂದ ಹಾಗೇ, ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸುವುದು. ಮರಾಠಿಯಲ್ಲಿ ಹೇಳಿದರೆ ಮರಾಠಿ, ಹಿಂದಿಯಲ್ಲಿ ಹೇಳಿದರೆ ಹಿಂದಿ. ಅಕ್ಷರ ಮಾತ್ರ ಕನ್ನಡದ್ದು, ಯಾಕೆಂದರೆ ಅವನ ಕೈಗೆ ಕೂತದ್ದು ಅದೊಂದೇ. "ನಮ್ಮ ಶಾಣೇತನ ನಡುವ ತುರುಕಬಾರದು. ಗಿರಾಕಿ ಮಾತು ಅಂದ್ರ ಗಿರಾಕಿ ಮಾತು" ಎನ್ನುತ್ತಿದ್ದ. ಈ ಚೀಟಿ ಓದಬಲ್ಲವರು ಆ ಗಲ್ಲಿಯಲ್ಲಿ ಇಬ್ಬರೇ. ಒಬ್ಬ ಅವನು, ಇನ್ನೊಬ್ಬ ಮನೋಜ.

ಮನೋಜ ಚಾಮರಾಜನಗರದವನು, ಮೂವತ್ತೈದರ ಆಸುಪಾಸು. ಇಲ್ಲೇ ಒಂದು ಕಂಪನಿಯಲ್ಲಿದ್ದ, ಕಾಂಟ್ರ್ಯಾಕ್ಟ್ ಮುಗಿಯಿತೆಂದು ಅವರು ಬಾಗಿಲು ತೋರಿಸಿದರು. ತನ್ನ ಲ್ಯಾಪ್‌ಟಾಪ್ ಮಾರಲು ಅಂಗಡಿಗೆ ಬಂದವನು, ಸಿದ್ದಾರೂಢ ಒಂದು ಬೋರ್ಡಿನ ಎದುರು ಕೂತು ಬೈಯುತ್ತಿರುವುದನ್ನು ನೋಡಿ, "ಅಣ್ಣಾ, ಅದ್ರ ಸಣ್ಣ ಬ್ಯಾಟ್ರಿ ತೆಗೆದು ಐದ್ ನಿಮಿಷ ಬಿಟ್ಟು ಹಾಕಿ ನೋಡಿ" ಅಂದ. ಹಾಕಿದ. ಹೊತ್ತಿತು. ಲ್ಯಾಪ್‌ಟಾಪ್ ಮಾರುವ ಮಾತು ಅಲ್ಲಿಗೇ ನಿಂತಿತು. ಮರುದಿನದಿಂದ ಎದುರಿನ ಸ್ಟೂಲು ಮನೋಜನದು.

ಮೊದಲ ವಾರವೇ ಒಂದು ಮಜಾ ಆಯಿತು. ಮನೋಜ ಫೋನಿನಲ್ಲಿ ಯಾರಿಗೋ "ಹೇಳು ಮಗಾ, ಏನ್ ಮಗಾ" ಅನ್ನುತ್ತಿದ್ದ.

"ಯಾರಿಗೋ ಬೈಯಾಕತ್ತೀದಿ?" ಅಂದ ಸಿದ್ದಾರೂಢ.

"ಬೈತಿಲ್ಲ ಸಿದ್ದಣ್ಣ, ಫ್ರೆಂಡು. ನಮ್ ಕಡೆ ಮಗಾ ಅಂದ್ರೆ ಪ್ರೀತಿ."

"ನಮ್ಮ ಕಡೆ ಯಾರಿಗರೇ ಮಗನ ಅಂದು ನೋಡು, ಹಲ್ಲು ಎಣಿಸಿ ಕೈಯಾಗ ಕೊಡ್ತಾರ."

ಆದರೆ ಆರು ತಿಂಗಳಲ್ಲಿ ಅವನ ಬಾಯಿಗೇ ಅದು ಹತ್ತಿಕೊಂಡಿತು. ಸಿಟ್ಟು ಇಲ್ಲದ ಹೊತ್ತಿನಲ್ಲಿ "ಏ ಮಗಾ, ಆ ಪೆನ್‌ಡ್ರೈವ್ ತಾರೋ" ಅನ್ನುತ್ತಿದ್ದ. ಹೆಂಡತಿ ಪಾರವ್ವ ಊಟದ ಡಬ್ಬಿ ತಂದಾಗ ಕೇಳಿಸಿಕೊಂಡು, "ಹಡದ ಮಗಳಿಗೆ ಒಂದಿನಾ ಇಷ್ಟ್ ಚಂದಾಗಿ ಕರದಿಲ್ಲ ನೀವು" ಎಂದು ಚುಚ್ಚಿದ್ದಳು.

ಸಿಟ್ಟಿನ ಹೊತ್ತುಗಳೂ ಇದ್ದವು. ಮನೋಜನಿಗೆ ಎಲ್ಲವನ್ನೂ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವ ಚಟ. ಒಮ್ಮೆ ಒಬ್ಬ ವಕೀಲರಿಗೆ ಮೂರು ಸಲ ಫೋನು ಮಾಡಿದ. ನಾಲ್ಕನೆಯದಕ್ಕೆ ಆ ಮನುಷ್ಯ ಅಂಗಡಿಗೇ ಬಂದು ರೇಗಾಡಿದ. ಅವತ್ತು ಸಿದ್ದಾರೂಢ ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದ್ದ: "ಚೀಟಿ ಅದ ಅಲ್ಲಾ? ಚೀಟಿ ಓದು, ಕೆಲಸ ಮಾಡು! ಇನ್ನೊಮ್ಮಿ ಗಿರಾಕಿಗೆ ಕೇಳಿದಿ ಅಂದ್ರ ಸ್ಟೂಲ್ ಸಮೇತ ರಸ್ತೇಕ ಒಗೀತೀನಿ!"

ಮನೋಜ ಕೇಳುವುದನ್ನು ಬಿಟ್ಟ.

ದೀಪಾವಳಿ ಮುಗಿದ ಮೇಲಿನ ವಾರ ರಂಗೂಬಾಯಿ ಬಂದಳು. ಭೋರ್ ಪೇಟೆಯವಳು. ಅವಳ ಮಗಳು ಶೀತಲ್ ಅಲ್ಲಿ ಮದುವೆ ಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಛಾಪಿಸಲು ಕೊಡುವ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪನ್ನು ಆರು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಎಂದು ಇದೇ ಅಂಗಡಿಯಲ್ಲಿ ಕೊಂಡದ್ದು. ಮುದುಕಿ ಅದನ್ನು ಒಂಬತ್ತು ಗಜದ ಹಳೇ ನೌವಾರಿ ಸೀರೆಯಲ್ಲಿ ಸುತ್ತಿ, ಪುಣೆಯ ಸ್ವಾರಗೇಟದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಎದೆಗವಚಿಕೊಂಡು ತಂದಿದ್ದಳು. ಸಿದ್ದಾರೂಢ ಗುಂಡಿ ಒತ್ತಿದ. ಕಂಪನಿಯ ಗುರುತು ಮೂಡಿತು, ಪರದೆ ನೀಲಿಯಾಯಿತು, ಆರಿತು, ಮತ್ತೆ ಗುರುತು. ತಿರುಗಿ ತಿರುಗಿ ಅಷ್ಟೇ.

"ತುಳಶಿ ಲಗ್ನ ಆದ ಕೂಡಲೇ ಮದುವೆಗಳು ಶುರು. ಮೂವತ್ತೊಂದು ಪತ್ರಿಕೆ ಒಳಗೇ ಕೂತಿವೆ. ಆರು ವರ್ಷದ ನಮೂನೆಗಳೆಲ್ಲ ಅದರಲ್ಲೇ" ಎಂದು ಮುದುಕಿ ತನ್ನ ಮರಾಠಿಯಲ್ಲಿ ಹೇಳಿದಳು. "ದೇವರ ಮನೆ ಇದ್ದ ಹಾಗೆ ದಾದಾ ಅದು."

"ಏನೂ ಹೋಗೂದಿಲ್ಲ ಆಯೀ. ಹೊಸ ವಿಂಡೋಸ್ ಹಾಕಬೇಕು, ಅಷ್ಟೇ."

ಮುದುಕಿ ಹೊಸ್ತಿಲು ದಾಟುವಾಗ ತಿರುಗಿ ನಿಂತು ಹೇಳಿದಳು: "ಪೋರೀಲಾ ಆಧೀ ಪುಸೂನ್ ಘ್ಯಾ, ಮಗ ವಿಂಡೋಸ್ ಟಾಕಾ." ಹುಡುಗಿಗೆ ಮೊದಲು ಕೇಳಿಕೊಳ್ಳಿ, ಆಮೇಲೆ ವಿಂಡೋಸ್ ಹಾಕಿ. ಸಿದ್ದಾರೂಢನ ಊರಿನ ಕಡೆಯೂ ಹಳೇ ಮಂದಿ ಕೇಳುವುದಕ್ಕೆ ಪುಸು ಎಂದೇ ಅನ್ನುತ್ತಿದ್ದರು. ಅವನ ಕಿವಿಗೆ ಅದು ತಾಯಿಯ ಮಾತಿನಷ್ಟು ಸರಳ. ತಲೆಯಾಡಿಸಿ ಚೀಟಿ ಬರೆದು ಅಂಟಿಸಿದ.

ಮರುದಿನ ಅವನು ಜತ್ತಕ್ಕೆ ಹೋಗಬೇಕಾಗಿತ್ತು, ಅಕ್ಕನ ಮಗಳ ನಿಶ್ಚಯ. ಅಂಗಡಿ ಮನೋಜನ ಕೈಯಲ್ಲಿ. ತಿರುಗಿ ಬಂದ ದಿನವೇ ರಂಗೂಬಾಯಿ, ಶೀತಲ್ ಇಬ್ಬರೂ ಬಂದರು. ಅಂಗಡಿಯಲ್ಲಿ ಆರೇಳು ಜನ ಗಿರಾಕಿಗಳು. ಮನೋಜ ಲ್ಯಾಪ್‌ಟಾಪ್ ತೆಗೆದು ಕೊಟ್ಟ, ಹೊಸದರಂತೆ ಒರೆಸಿ ಇಟ್ಟಿದ್ದ. ಶೀತಲ್ ತೆರೆದಳು. ಪಟ್ಟನೆ ಚಾಲೂ ಆಯಿತು. ಪರದೆಯ ಮೇಲೆ ಒಂದು ಕಸದ ಬುಟ್ಟಿಯ ಚಿತ್ರ ಬಿಟ್ಟರೆ ಬೇರೆ ಏನೂ ಇಲ್ಲ.

"ನನ್ನ ಕೆಲಸ ಎಲ್ಲಿ?" ಅಂದಳು ಮರಾಠಿಯಲ್ಲಿ. ಅವಳು ಕೂಗಲಿಲ್ಲ. ಬುಟ್ಟಿಯನ್ನು ಎರಡು ಸಲ ತೆರೆದು ನೋಡಿದಳು, ಖಾಲಿ. "ಕಾಕಾ, ನನ್ನ ಕೆಲಸ?"

ಸಿದ್ದಾರೂಢ ಮನೋಜನ ಕಡೆ ತಿರುಗಿದ. "ಎತ್ತಿ ಇಟ್ಟೀದಿ ಅಲ್ಲಾ?"

"ಇಲ್ಲ ಸಿದ್ದಣ್ಣ, ಫುಲ್ ವೈಪ್ ಮಾಡ್ದೆ. ನೀವೇ..."

ಮಾತು ಮುಗಿಯುವ ಮೊದಲೇ ಕೈ ಹೋಗಿಬಿಟ್ಟಿತ್ತು. ಕಪಾಳಕ್ಕೆ ಬಿದ್ದ ಏಟಿನ ಸಪ್ಪಳಕ್ಕೆ ಹಿಟ್ಟಿನ ಗಿರಣಿಯವನೂ ಹೊರಗೆ ಬಂದ. ಮನೋಜನ ಕನ್ನಡಕ ಸ್ಟೂಲಿನ ಕೆಳಗೆ ಹೋಗಿ ಬಿತ್ತು. ಅವನು ಅದನ್ನು ಹುಡುಕಿ ಎತ್ತಿಕೊಂಡ. ಆಮೇಲೆ ಲ್ಯಾಪ್‌ಟಾಪಿನ ಬೆನ್ನಿನಿಂದ ಕಿತ್ತಿಟ್ಟಿದ್ದ ಚೀಟಿಯನ್ನು ಮುಂದೆ ಹಿಡಿದ. "ಇದನ್ನ ಒಂದ್ಸಲ ಓದಿ."

"ನಾ ಬರದ ಚೀಟಿ ನನಗ ತೋರಸ್ತಿಯೇನಲೇ? ಒಂದ್ ಮಾತ್ ಫೋನ್ ಮಾಡಿ ಕೇಳಾಕ ಏನಾಗಿತ್ತು ನಿನ್ನ ಬಾಯಿಗೆ?"

ಮನೋಜ ಚೀಟಿಯನ್ನು ಟೇಬಲ್ ಲ್ಯಾಂಪಿನ ಬುಡಕ್ಕೆ ಸಿಕ್ಕಿಸಿದ. ತನ್ನ ಚೀಲ ಎತ್ತಿಕೊಂಡ. ರಂಗೂಬಾಯಿಗೆ ಕೈ ಮುಗಿದು ಹೊರಟ.

ಎರಡು ಹಗಲು ಸಿದ್ದಾರೂಢ ಊಟ ಬಿಟ್ಟು ಆ ಡಿಸ್ಕನ್ನು ಕೆದಕಿದ. ಅಳಿಸಿದ್ದನ್ನು ಹುಡುಕುವ ನಾಲ್ಕು ತರದ ಪ್ರೋಗ್ರಾಂ ಓಡಿಸಿದ. ಮೊದಲಿನ ಸುತ್ತುವ ಡಿಸ್ಕ್ ಆಗಿದ್ದರೆ ಅರ್ಧವಾದರೂ ಕೈಗೆ ಬರುತ್ತಿತ್ತು. ಹೋದ ವರ್ಷ ಬೇಗ ಓಡಲಿ ಎಂದು ಇವನೇ ಅದಕ್ಕೆ ಹೊಸ ಚಿಪ್ಪಿನ ಡಿಸ್ಕ್ ಹಾಕಿ ಕೊಟ್ಟಿದ್ದ. ಅದರಲ್ಲಿ ಅಳಿಸಿದ್ದು ಅಳಿಸಿದ್ದೇ. ಕೆಲವು ಕಡತಗಳ ಹೆಸರು ಮಾತ್ರ ಬಂದವು. ತೆರೆದರೆ ಒಳಗೆ ಏನೂ ಇಲ್ಲ.

ಮೂರನೆಯ ದಿನ ಮನೆಯಲ್ಲಿ ಭಕ್ಕರಿ ಮುರಿಯುತ್ತ ಮನೋಜನನ್ನು ಬೈಯುತ್ತಿದ್ದ. "ಏನ್ ತಪ್ಪ ಅದ ಚೀಟಿಯಾಗ? ನೀವೇ ಕೇಳ್ರಿ" ಎಂದು ಅಂಗಡಿಯಿಂದ ತಂದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಗಟ್ಟಿಯಾಗಿ ಓದಿದ: "ಶೀತಲ್, ಭೋರ್. ಚಾಲೂ ಆಗವಲ್ದು. ಆಧೀ ಪುಸೂನ್ ಘ್ಯಾ, ಮಗ ವಿಂಡೋಸ್ ಟಾಕಾ."

ಮಗಳು ಸುರಭಿ ಪುಣೆಯಲ್ಲೇ ಹುಟ್ಟಿದವಳು, ಮರಾಠಿ ಸಾಲೆಯಲ್ಲಿ ಕಲಿತವಳು. ತಾಟಿನಿಂದ ತಲೆ ಎತ್ತಿದಳು. "ಮತ್ತ ಅಂವ ಸರೀನ ಮಾಡ್ಯಾನಲ್ಲ ಪಪ್ಪಾ? ಪುಸೂನ್ ಘ್ಯಾ ಅಂದ್ರ ಒರಸಿ ತಗೀರಿ ಅಂತ. ನೆಲಾ ಒರಸೂ ಮುಂದ ಫರಶೀ ಪುಸೂನ್ ಘ್ಯಾ ಅಂತೀವಲ್ಲ, ಹಂಗ. ಮೊದಲ ಒರಸ್ರಿ, ಆಮ್ಯಾಲೆ ವಿಂಡೋಸ್ ಹಾಕ್ರಿ."

"ಏ, ಪುಸೂದು ಅಂದ್ರ ಕೇಳೂದು!"

"ನಿಮ್ಮ ಜತ್ತಿನ್ಯಾಗ ಇರಬೇಕು. ಇಲ್ಲಿ ಯಾರ್ ಅಂತಾರ ಹಂಗ? ಆ ಮುದುಕಿ ಇಷ್ಟ ಅಂದಳೇನು? ಯಾರಿಗೆ ಕೇಳ್ರಿ ಅಂತ ಅನ್ನಲಿಲ್ಲೇನು?"

ಸಿದ್ದಾರೂಢ ಚೀಟಿಯನ್ನು ಮತ್ತೊಮ್ಮೆ ನೋಡಿದ. ಪೋರೀಲಾ. ಮುದುಕಿ ಅಂದಿದ್ದಳು. ಹುಡುಗಿಯ ಹೆಸರು ಮೇಲೆ ಬರೆದದ್ದಿತ್ತಲ್ಲ, ಚೀಟಿ ಸಣ್ಣದು, ಆ ಒಂದು ಶಬ್ದ ಇವನೇ ಬಿಟ್ಟಿದ್ದ. ಹದಿನೆಂಟು ವರ್ಷ ಗಿರಾಕಿಯ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ ಎಂದು ಮೆರೆದವನು, ಬಿಟ್ಟದ್ದು ಒಂದೇ ಶಬ್ದ.

ಪಾರವ್ವ ಚೀಟಿ ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಮತ್ತ ಇದೇನ್ರಿ ಇಲ್ಲಿ, ಮಗ ಅಂತ ಬರದೀರಿ?"

"ಅದು ಮರಾಠಿ ಮಗ. ಆಮ್ಯಾಲೆ ಅಂತ."

"ಅವನಿಗೆ ಹಂಗ ಕಾಣ್ತದೇನು?" ಎಂದಳು ಪಾರವ್ವ. "ದಿನಾ ಮಗಾ ಮಗಾ ಅಂತ ಕರದೀರಿ. ಒರಸೋ ಮಗಾ ಅಂತ ನೀವು ಹೇಳೀರಿ ಅಂತ ಒರಸ್ಯಾನ." ಚೀಟಿಯನ್ನು ಅವನ ತಾಟಿನ ಪಕ್ಕ ಇಟ್ಟು ಒಳಗೆ ಹೋದಳು. ಸಿದ್ದಾರೂಢ ತಾಟು ತಳ್ಳಿ ಎದ್ದ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದೆ ಬಾಗಿಲಿಗೆ ಒದ್ದ.

ಶೀತಲಳ ಋಣವನ್ನು ಅವನು ತೀರಿಸಿದ, ಅದನ್ನು ಹೇಳಲೇಬೇಕು. ನಾಲ್ಕು ಭಾನುವಾರ ಸುರಭಿಯನ್ನು ಕರೆದುಕೊಂಡು, ಸ್ಕ್ಯಾನರ್ ಹೊತ್ತುಕೊಂಡು ಭೋರ್‌ಗೆ ಹೋದ. ಪೇಟೆಯ ಮನೆ ಮನೆಗೆ ಹೋಗಿ ಆರು ವರ್ಷದ ಹಳೇ ಮದುವೆ ಪತ್ರಿಕೆ ಬೇಡಿ ತಂದರು. ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದವು, ಹಾಲಿನ ಲೆಕ್ಕ ಬರೆದಿದ್ದವು, ಎಣ್ಣೆಯ ಕಲೆ ಬಿದ್ದವು. ಸುರಭಿ ಕೂತು ನಮೂನೆಗಳನ್ನು ಮತ್ತೆ ಕಟ್ಟಿಕೊಟ್ಟಳು. ಮೂವತ್ತೊಂದರಲ್ಲಿ ಒಂಬತ್ತು ಮದುವೆಯವರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಉಳಿದದ್ದು ಆಯಿತು. ಕೊನೆಯ ದಿನ ಸಿದ್ದಾರೂಢ ತಪ್ಪು ತನ್ನದೇ ಎಂದು ಚೀಟಿ ಓದಿ ಹೇಳಿದ.

ರಂಗೂಬಾಯಿ ಚಹಾ ಕೊಟ್ಟಳು. "ನನಗೆ ಹೇಳಿದಿರಿ, ಆಯ್ತು. ಹೊಡೆಸಿಕೊಂಡವನಿಗೆ ಹೇಳಿದಿರಾ?" ಎಂದಳು. ಸಿದ್ದಾರೂಢ ಚಹಾ ಕುಡಿದು ಎದ್ದ.

ಮನೋಜ ಸ್ವಾರಗೇಟದ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಪ್ನಿಲ್ ಎನ್ನುವವನ ಅಂಗಡಿಯಲ್ಲಿದ್ದಾನೆ ಎಂದು ಗೊತ್ತಾಗಿತ್ತು. ಭೋರ್‌ನಿಂದ ತಿರುಗಿ ಬರುವಾಗ ಪ್ರತಿ ಸಲವೂ ಬಸ್ಸು ಇಳಿಯುವುದು ಅಲ್ಲೇ. ಮೂರು ಭಾನುವಾರ ಆ ಗಲ್ಲಿಯ ಬಾಯಿಯವರೆಗೆ ಹೋಗಿ ಹಿಂದೆ ಬಂದ. ನಾಲ್ಕನೆಯದಕ್ಕೆ ಸುರಭಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿ ಒಳಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ: ತಪ್ಪಾತೋ ಮಗಾ, ಚೀಟಿಯಾಗ ನಾನ ಒಂದ್ ಶಬ್ದ ಬಿಟ್ಟಿದ್ನಿ. ಅಷ್ಟೇ, ಎರಡು ಸಾಲು.

ಮನೋಜ ಒಬ್ಬ ಗಿರಾಕಿಯ ಎದುರು ಕೂತು, ಮರಾಠಿಯಲ್ಲಿ ಒಂದೊಂದೇ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ. ಏನು ಉಳಿಸಬೇಕು, ಏನು ಅಳಿಸಬೇಕು, ಸರೀನಾ, ಇನ್ನೊಮ್ಮೆ ಹೇಳಿ. ಗಿರಾಕಿ ಬೇಸರ ಮಾಡಿಕೊಳ್ಳದೆ ಹೇಳುತ್ತಿದ್ದ. ಸಿದ್ದಾರೂಢನನ್ನು ನೋಡಿ ಮನೋಜ ಎದ್ದು ನಿಂತ. "ಬನ್ನಿ ಸಿದ್ದಣ್ಣ. ಕೂತ್ಕೊಳಿ" ಎಂದು ತನ್ನ ಕುರ್ಚಿಯನ್ನೇ ಮುಂದೆ ತಳ್ಳಿದ.

ಆ ಕುರ್ಚಿಯೇ ಕೆಡಿಸಿತೋ ಏನೋ. ಹೊಡೆಸಿಕೊಂಡವನು ಕುರ್ಚಿ ಕೊಡುತ್ತಾನೆ, ಹೊಡೆದವನು ಕೂರಬೇಕು. ಜೋಡಿಸಿಕೊಂಡ ಎರಡು ಸಾಲು ಬಿಟ್ಟು ಬಾಯಿ ತನ್ನ ಹಳೇ ದಾರಿಯನ್ನೇ ಹಿಡಿಯಿತು.

"ಇಲ್ಲಿ ಇಷ್ಟೆಲ್ಲಾ ಕೇಳ್ತೀ! ಅವತ್ತ ಒಂದ್ ಮಾತ್ ಕೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

ಮನೋಜ ತಿರುಗಿ ಸಿಟ್ಟಾಗಲಿಲ್ಲ. "ಕೇಳ್ಬೇಡ ಅಂದಿದ್ದು ನೀವೇ ಅಲ್ವಾ ಸಿದ್ದಣ್ಣ?" ಎಂದ. ಸ್ವಲ್ಪ ಹೊತ್ತು ಕಾದ. ಇನ್ನೇನಾದರೂ ಬರುತ್ತದೆಯೇ ಎಂದೇ ಕಾದದ್ದು, ಅದು ಸಿದ್ದಾರೂಢನಿಗೂ ಗೊತ್ತಾಯಿತು. ಅವನ ಜೇಬಿನಲ್ಲಿ ಚೀಟಿ ಇತ್ತು. ತೆಗೆದು ಮುಂದೆ ಇಟ್ಟಿದ್ದರೂ ಸಾಕಿತ್ತು. ತೆಗೆಯಲಿಲ್ಲ. ಮನೋಜ ಕೂತು ಗಿರಾಕಿಯ ಕಡೆ ತಿರುಗಿದ. ಸಿದ್ದಾರೂಢ ರಸ್ತೆಗೆ ಇಳಿದ.

ಈಗ ಎದುರಿನ ಸ್ಟೂಲಿನ ಮೇಲೆ ಕೆಟ್ಟ ಪ್ರಿಂಟರ್ ಒಂದು ಕೂತಿದೆ. ಗಿರಾಕಿ ಬಂದರೆ ಸಿದ್ದಾರೂಢ ಎರಡೆರಡು ಸಲ ಕೇಳುತ್ತಾನೆ, ಕೇಳಿ ಎಲ್ಲ ಶಬ್ದ ಬರೆಯುತ್ತಾನೆ. ಹಡಪಸರದಿಂದ ಸ್ವಾರಗೇಟಕ್ಕೆ ಬಸ್ಸು ಹತ್ತು ನಿಮಿಷಕ್ಕೊಂದು. ಸುರಭಿ ಆಗೀಗ ಕೇಳುತ್ತಾಳೆ, "ಪಪ್ಪಾ, ಹೋಗಿ ಬಂದ್ರೇನು?" ಅವನು ಲ್ಯಾಂಪನ್ನು ಹತ್ತಿರಕ್ಕೆ ಎಳೆದುಕೊಂಡು ಬಿಚ್ಚಿದ ಲ್ಯಾಪ್‌ಟಾಪಿನೊಳಗೆ ತಲೆ ತೂರಿಸುತ್ತಾನೆ. ಲ್ಯಾಂಪಿನ ಬುಡಕ್ಕೆ ಆ ಚೀಟಿಯನ್ನು ಮತ್ತೆ ಸಿಕ್ಕಿಸಿಟ್ಟಿದ್ದಾನೆ, ಬಿಸಿಗೆ ಹಳದಿಯಾಗಿದೆ. ಆರೇಳು ಜನರ ಮುಂದೆ ಕೊಟ್ಟ ಏಟು, ಒಬ್ಬನ ಮುಂದೆಯೂ ಹೇಳದ ಎರಡು ಸಾಲು. ಮನೋಜ ಅದನ್ನು ಕೇಳಲು ಬರಲಿಲ್ಲ, ಬರುವವನೂ ಅಲ್ಲ. ಸಿದ್ದಾರೂಢ ಹೋಗಿ ಹೇಳಿಲ್ಲ.