ಪುಟ್ಟಸ್ವಾಮಿಯವರ ನಾಲ್ಕು ಬಲ್ಬುಗಳು

ಪುಟ್ಟಸ್ವಾಮಿಯವರ ಅಂಗಿಗಳೆಲ್ಲ ಹೊಟ್ಟೆಯ ಭಾಗದಲ್ಲಿ ಜರಡಿಯಾಗಿದ್ದವು. ಬ್ಯಾಟರಿಯ ಆ್ಯಸಿಡ್ ಸಿಡಿದು ಆದ ತೂತುಗಳು. “ನಮ್ಮಾಕೆ ಹೊಸಾದು ಕೊಡ್ಸೋದೇ ಬಿಟ್ಬಿಟ್ಲು. ಗಾಳಿ ಚೆನ್ನಾಗಿ ಆಡುತ್ತೆ, ಬಿಡಿ,” ಎನ್ನುತ್ತಿದ್ದರು.

ಅವರ ಅಂಗಡಿಯಿದ್ದದ್ದು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಸದ್ದಿಲ್ಲದ ಎಲೆಕ್ಟ್ರಿಕ್ ಸ್ಕೂಟರುಗಳನ್ನು ನಮ್ಮಂಥವರು ಆಸೆಪಟ್ಟು ಕೊಂಡಿದ್ದೆವು. ಬ್ಯಾಟರಿ ಸಾಯುವ ಹೊತ್ತಿಗೆ ಮಾರಿದವರ ಮಳಿಗೆ ಸೀರೆ ಅಂಗಡಿಯಾಗಿತ್ತು. ನನ್ನದನ್ನು ಗುಜರಿಗೆ ಹಾಕಬೇಕೆಂದಿದ್ದಾಗ ಯಾರೋ ಇವರ ಹೆಸರು ಹೇಳಿದರು.

ಆಫೀಸುಗಳವರು ಯುಪಿಎಸ್‌ನಿಂದ ತೆಗೆದು ಎಸೆದ ಬ್ಯಾಟರಿಗಳನ್ನು ತಂದು, ಅವುಗಳಲ್ಲಿ ಒಂದಕ್ಕೊಂದು ಹೊಂದುವ ನಾಲ್ಕನ್ನು ಹುಡುಕುವುದು ಅವರ ವಿದ್ಯೆ. ಚಾರ್ಜ್ ಮಾಡಿ, ಪ್ರತಿಯೊಂದಕ್ಕೂ ಒಂದು ಹೆಡ್‌ಲೈಟ್ ಬಲ್ಬು ಕಟ್ಟಿ ಸಾಲಾಗಿ ಇಡುತ್ತಿದ್ದರು. ಒಟ್ಟಿಗೆ ಕೆಂಪಗಾಗಿ ಮಂಕಾದ ನಾಲ್ಕು ಒಂದು ಸ್ಕೂಟರಿಗೆ.

“ಜಾತಕ ಕೂಡ್ಬೇಕು ಮೇಷ್ಟ್ರಮ್ಮ. ಒಂದು ಸೋಮಾರಿ ಸೇರ್ಕೊಂಡ್ರೆ ಮಿಕ್ಕ ಮೂರೂ ಅದನ್ನ ಹೊತ್ಕೊಂಡೇ ಸಾಯ್ತವೆ.”

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರಮ್ಮ. ಬಲ್ಬುಗಳ ಮುಂದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು.

“ಯಾವುದು ಮೊದಲು ಕೆಂಪಗಾಯ್ತು? ಹೇಳಿ ನೋಡೋಣ, ಓದಿದೋರು.”

“ಎರಡನೇದು.”

“ಭೇಷ್! ಪಾಸು.”

ನನಗೆ ಹೆಮ್ಮೆಯಾಗುತ್ತಿತ್ತು. ನನ್ನ ಸ್ಕೂಟರು ಹಾಗೆ ಎರಡು ಸಲ ಜೀವ ಪಡೆಯಿತು.

ಮೂರನೆಯ ಸಲ ಗಾಡಿ ಬಿಡಲು ಹೋದಾಗ ಒಬ್ಬ ಗಿರಾಕಿ ಜಗಳಕ್ಕೆ ನಿಂತಿದ್ದ. ಇವರು ಬ್ಯಾಟರಿ ಹಾಕಿ ತಿಂಗಳಾಗಿರಲಿಲ್ಲ, ಏರಿನಲ್ಲಿ ಗಾಡಿ ನಿಂತುಬಿಟ್ಟಿತ್ತು. “ಹೆಂಡ್ತಿ ಇಳ್ದು ತಳ್ಳಿದ್ಲು ಗುರುವೇ, ನಡುರಸ್ತೇಲಿ!”

“ಪಾಪ, ಅವರಿಗೆ ವ್ಯಾಯಾಮ ಆಯ್ತಲ್ಲ,” ಎಂದು ನಗಿಸಲು ನೋಡಿದರು. ಆಮೇಲೆ ಬ್ಯಾಟರಿಗಳನ್ನು ಬಿಚ್ಚಿ ಬಲ್ಬು ಕಟ್ಟಿದರು. ಸ್ವಲ್ಪ ಹೊತ್ತು ಬಿಟ್ಟು, “ನಾಲ್ಕೂ ಒಂದೇ ಸಮ ಉರೀತಿವೆ ನೋಡಿ. ತೊಂದರೆ ವೈರಿಂಗ್‌ದು,” ಎಂದರು.

ಮೂರನೆಯದು ಕೆಂಡದಂತೆ ಕೆಂಪಾಗಿತ್ತು.

“ಇಲ್ಲಪ್ಪ, ಮೂರನೇದು ಆರೋಕೇ ಬಂದಿದೆ. ನಿಮಗೆ ಕಾಣಿಸ್ತಿಲ್ವಾ?” ಎಂದೆ.

ಬೇಕೆಂದು ಆಡಿದ ಮಾತಲ್ಲ. ಜಾಣತನ ತೋರಿಸುವ ಆತುರವಿತ್ತೇ? ಇತ್ತೆಂದೇ ಈಗ ಅನ್ನಿಸುತ್ತದೆ. ಆ ದಿನದ ಡೈರಿಯಲ್ಲಿ ‘ಬ್ಯಾಟರಿ ಕೆಲಸ ಆಗಲಿಲ್ಲ’ ಎಂದಷ್ಟೇ ಇದೆ. ನಾನಾಡಿದ ಮಾತನ್ನು ನಾನು ಬರೆದಿಲ್ಲ.

ಗಿರಾಕಿ ಅವರ ಮುಖವನ್ನೇ ನೋಡಿದ. “ಕಣ್ಣೇ ಕಾಣಲ್ವಾ ನಿಮ್ಗೆ?” ಎಂದು, ವೈರು ಕಿತ್ತು, ಬ್ಯಾಟರಿಗಳನ್ನು ಆಟೋಗೆ ತುಂಬಿಸಿಕೊಂಡು ಹೋದ.

ಪುಟ್ಟಸ್ವಾಮಿಯವರು ಬಲ್ಬುಗಳನ್ನು ಒಂದೊಂದಾಗಿ ತಡವಿ ಎತ್ತಿಟ್ಟರು. ಬಹಳ ಮೆತ್ತಗೆ, “ನಾನು ಕೇಳಿದಾಗ ಮಾತ್ರ ಹೇಳ್ತಿದ್ರಲ್ಲ, ಮೇಷ್ಟ್ರಮ್ಮ. ನಿಮಗೆ ಗೊತ್ತು ಅಂದ್ಕೊಂಡಿದ್ದೆ,” ಎಂದರು.

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವರು ನನ್ನ ಕಣ್ಣನ್ನು ಎರವಲು ಪಡೆದಿದ್ದರು. ನಾನು ತಿಳಿದೇ, ಅವರ ಮಾನ ಕಾಯುತ್ತ ಉತ್ತರ ಹೇಳುತ್ತಿದ್ದೇನೆಂದು ನಂಬಿದ್ದರು. ನಾನೋ ಪಾಸಾಗುತ್ತಿದ್ದೆ.

ಅವರಿಗೆ ಕಣ್ಣು ಕಾಣದೆಂಬ ಮಾತು ಬೀದಿಯಲ್ಲೆಲ್ಲ ಹರಡಿತು. ಎರಡು ವಾರ ಬಿಟ್ಟು ನನ್ನ ಗಾಡಿಗೆಂದು ಹೋದಾಗ ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ.

“ಶನಿವಾರ ಶನಿವಾರ ಬಂದು ಕೂತ್ಕೋತೀನಿ. ನೀವು ಕೇಳಿ, ನಾನು ಹೇಳ್ತೀನಿ,” ಎಂದೆ.

“ಬೇಡಮ್ಮ. ಗಾಂಧಿ ಬಜಾರ್ ಹತ್ರ ಒಬ್ಬ ಇದಾನೆ, ಅವನಿಗೆ ತೋರ್ಸಿ. ಕೆಲಸ ನಿಧಾನ. ಆದ್ರೆ ಹುಡುಗನ ಕಣ್ಣು ಚೆನ್ನಾಗಿದೆ.”

ಮೇಷ್ಟ್ರಮ್ಮ ಎನ್ನಲಿಲ್ಲ. ಸತ್ತ ಸ್ಕೂಟರನ್ನು ಹಿಂದಿನಿಂದ ತಳ್ಳುತ್ತ ನನ್ನೊಂದಿಗೆ ರಸ್ತೆಯ ತಿರುವಿನವರೆಗೆ ಬಂದರು. ಅಲ್ಲಿಂದ ನಾನೊಬ್ಬಳೇ ತಳ್ಳಿಕೊಂಡು ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿ ಕೈಯೆತ್ತಿದೆ. ಅವರು ನನ್ನ ಕಡೆಗೇ ಮುಖ ಮಾಡಿ ನಿಂತಿದ್ದರು. ಕೈಯೆತ್ತಲಿಲ್ಲ.

ಮುಂದಿನ ಸಲ ಹೋದಾಗ ಆ ಅಂಗಡಿಯ ಬಾಗಿಲಿನಲ್ಲಿ ಬೇರೆ ಯಾರೋ ಇದ್ದರು. ಅಂದು ತಿರುವಿನಲ್ಲಿ ಪುಟ್ಟಸ್ವಾಮಿಯವರಿಗೆ ನಾನು ಕಾಣಿಸಲಿಲ್ಲವೆಂದೇ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.