ಕಾಕನ ಲುಂಗಿ ಮತ್ತು ಗಾಳಿಯ ದಿಕ್ಕು

ದೊಡ್ಡ ವಿಮಾನಗಳಲ್ಲಿ ಸಾಮಾನನ್ನು ಮಾತ್ರ ತೂಗುತ್ತಾರೆ. ನಮ್ಮದರಲ್ಲಿ ಮನುಷ್ಯರನ್ನೂ ತೂಗುತ್ತಿದ್ದೆವು. ಆರು ಸೀಟಿನ, ಒಂದೇ ಇಂಜಿನ್ನಿನ ವಿಮಾನ ಅದು. ಅದರೊಳಗೆ ಹತ್ತುವ ಮುಂಚೆ ಎಂಥ ಸಾಹೇಬನಾದರೂ ಬೂಟು ಸಮೇತ ತಕ್ಕಡಿಯ ಮೇಲೆ ನಿಲ್ಲಲೇಬೇಕು. ಮುಳ್ಳು ಎಲ್ಲಿ ನಿಂತಿತು ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುವ ಕೆಲಸ ನನ್ನದು. ರಿಯಾದ್ ನಗರದ ಒಲಾಯಾದ ಹವಾನಿಯಂತ್ರಿತ ಆಫೀಸುಗಳಿಂದ ಟೈ ಕಟ್ಟಿಕೊಂಡು ಬರುತ್ತಿದ್ದ ಮ್ಯಾನೇಜರುಗಳು ಆ ತಕ್ಕಡಿಯ ಮೇಲೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದನ್ನು ನೋಡುವುದೇ ಒಂದು ಮಜಾ. ಹೊಟ್ಟೆ ಒಳಗೆಳೆದರೆ ತೂಕ ಕಡಿಮೆಯಾಗುವುದಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ನನ್ನ ಇಕಾಮಾದ, ಎಂದರೆ ಸೌದಿಯಲ್ಲಿರಲು ಕೊಡುವ ಪರವಾನಗಿ ಚೀಟಿಯ ಪ್ರಕಾರ ನಾನು ಬಡಗಿ. ಸೌದಿಯಲ್ಲಿದ್ದಷ್ಟು ವರ್ಷ ಒಂದು ಮೊಳೆಯನ್ನೂ ಹೊಡೆದವನಲ್ಲ. ನನ್ನನ್ನು ಕರೆಸಿಕೊಂಡ ಕಫೀಲನಿಗೆ ಆಗ ಸಿಕ್ಕ ವೀಸಾ ಬಡಗಿಯದು, ಹಾಗಾಗಿ ನಾನು ಬಡಗಿಯಾದೆ, ಅಷ್ಟೆ. ನಿಜವಾದ ಕೆಲಸ ರಿಯಾದ್‌ನ ಹೊರವಲಯದ ಒಂದು ಸಣ್ಣ ವಿಮಾನ ಕಂಪನಿಯಲ್ಲಿ. ಇಂಧನ ತುಂಬುವುದು, ಸಾಮಾನು ಹೇರುವುದು, ಚಕ್ರ ನೋಡುವುದು, ಗಾಜು ಒರೆಸುವುದು, ಪೈಲಟ್‌ನ ಪಕ್ಕದ ಸೀಟಿನಲ್ಲಿ ಕೂತು ಅವರಿಗೆ ನಿದ್ದೆ ಬರದ ಹಾಗೆ ಮಾತಾಡುವುದು. ಉಡುಪಿಯ ಕಡೆಯ ನನ್ನ ಊರಿನಲ್ಲಿ ನಾನೇ ಪೈಲಟ್ ಎಂಬ ಸುದ್ದಿ ಹಬ್ಬಿತ್ತು. ಅದನ್ನು ತಡೆಯಲು ನಾನೇನೂ ವಿಶೇಷ ಶ್ರಮಪಡಲಿಲ್ಲ.

ನಮ್ಮ ಕ್ಯಾಪ್ಟನ್ ಸೌದಿಯ ದಕ್ಷಿಣ ತುದಿಯ ಜಿಜಾನ್‌ನವರು. ಹಿಂದೆ ಸೇನೆಯಲ್ಲಿ ವಿಮಾನ ಹಾರಿಸಿ ನಿವೃತ್ತರಾದವರು. ಅರವತ್ತು ದಾಟಿರಬೇಕು, ಎಷ್ಟು ದಾಟಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನನ್ನು 'ಯಾ ಮುಹಂದಿಸ್' ಎಂದು ಕರೆಯುತ್ತಿದ್ದರು. ಎಂದರೆ ಇಂಜಿನಿಯರೇ ಎಂದು. ಬಡಗಿಗೆ ಅಷ್ಟು ಬಡ್ತಿ ಕೊಟ್ಟ ಮನುಷ್ಯನ ಮೇಲೆ ನನಗೆ ಪ್ರೀತಿ ಇಲ್ಲದಿದ್ದೀತೇ?

ವಾರಕ್ಕೊಮ್ಮೆ ನಾವಿಬ್ಬರೂ ನೈಋತ್ಯಕ್ಕೆ ಹಾರಿ, ಗಣಿ ಹುಡುಕುವವರ ಒಂದು ಕ್ಯಾಂಪಿಗೆ ಹೋಗುತ್ತಿದ್ದೆವು. ಅಲ್ಲಿ ರನ್‌ವೇ ಎಂದರೆ ಬುಲ್ಡೋಜರ್ ಕೆರೆದು ಸಪಾಟು ಮಾಡಿದ ನೆಲ. ಅಂಚಿಗೆ ಸುಣ್ಣ ಬಳಿದ ಕಲ್ಲುಗಳು, ಒಂದು ತುದಿಯಲ್ಲಿ ಕಬ್ಬಿಣದ ಕಂಬ, ಕಂಬದ ಮೇಲೆ ಗಾಳಿಚೀಲ. ಗಾಳಿ ಎತ್ತ ಬೀಸುತ್ತಿದೆ ಎಂದು ಮೇಲಿನಿಂದ ಅದನ್ನು ನೋಡಿ ತಿಳಿಯಬೇಕು. ಗಾಳಿಗೆ ಎದುರಾಗಿ ಇಳಿದರೆ ವಿಮಾನ ಬೇಗ ನಿಲ್ಲುತ್ತದೆ. ಗಾಳಿ ಬೆನ್ನಿಗಿದ್ದರೆ ನಿಲ್ಲದೆ ಓಡುತ್ತದೆ. ಆ ರನ್‌ವೇಯ ತುದಿಯಲ್ಲಿ ಓಡಲು ಜಾಗವಿರಲಿಲ್ಲ, ಬಂಡೆಗಳಿದ್ದವು.

ಕ್ಯಾಂಪಿನ ಅಡಿಗೆಯವರು ಬಂಟ್ವಾಳದ ಕಡೆಯ ಬ್ಯಾರಿ. ನಾನು ಅವರನ್ನು ಕಾಕ ಎನ್ನುತ್ತಿದ್ದೆ, ನನ್ನಿಂದ ಕಲಿತು ಕ್ಯಾಪ್ಟನ್ನೂ ಕಾಕ ಎಂದೇ ಕರೆಯುತ್ತಿದ್ದರು. ರನ್‌ವೇ ನೋಡಿಕೊಳ್ಳುವ ಹೊಣೆಯೂ ಅವರದೇ. ಒಂಟೆಗಳನ್ನು ಓಡಿಸುವುದು, ಕಲ್ಲುಗಳಿಗೆ ಸುಣ್ಣ ಹಚ್ಚುವುದು, ನಾವು ಹೊರಡುವ ಮುಂಚೆ ಫೋನಿನಲ್ಲಿ ಹವಾಮಾನ ಹೇಳುವುದು. ಒಮ್ಮೆ ಮರಳುಗಾಳಿಗೆ ಕಂಬದ ಚೀಲ ಹರಿದು ಚಿಂದಿಯಾಯಿತು. ಹೊಸದು ಕಳಿಸಿ ಎಂದು ಒಲಾಯಾದ ಆಫೀಸಿಗೆ ಎಷ್ಟು ಸಲ ಹೇಳಿದರೂ 'ಬುಕ್ರಾ, ಇನ್ಶಾಅಲ್ಲಾ' ಎಂಬ ಉತ್ತರ. ನಾಳೆ ಎಂಬ ಆ ನಾಳೆ ಬರಲಿಲ್ಲ. ಕಾಕ ಕಾದು ಕಾದು ಸಾಕಾಗಿ, ಹೊಲಿದ ಲುಂಗಿಯೊಂದನ್ನು ತಂತಿಯ ಬಳೆಗೆ ಪೋಣಿಸಿ ಕಂಬಕ್ಕೇರಿಸಿಬಿಟ್ಟರು. ನಮ್ಮ ಕಡೆಯ ಬ್ಯಾರಿಗಳ ಲುಂಗಿಯ ಎರಡೂ ಅಂಚನ್ನು ಸೇರಿಸಿ ಹೊಲಿದಿರುತ್ತದೆಯಲ್ಲ? ಆ ಕಡೆ ಈ ಕಡೆ ತೆರೆದ ಕೊಳವೆ. ಗಾಳಿಚೀಲಕ್ಕೆ ಬೇಕಾದದ್ದೂ ಅದೇ.

ಆ ವಾರ ಮೇಲಿನಿಂದ ನೀಲಿ ಚೌಕಳಿಯ ಲುಂಗಿ ಉಬ್ಬಿಕೊಂಡು ಹಾರುವುದನ್ನು ಕಂಡ ಕ್ಯಾಪ್ಟನ್, ವಿಮಾನವನ್ನು ಇಳಿಸುವುದು ಬಿಟ್ಟು ಸುಮ್ಮನೆ ಒಂದು ಸುತ್ತು ಹೊಡೆದರು. ಜಿಜಾನ್ ಕಡೆಯ ಗಂಡಸರೂ ಸೊಂಟಕ್ಕೆ ಅಂಥದ್ದೇ ಬಟ್ಟೆ ಸುತ್ತುತ್ತಾರೆ. ರಿಯಾದ್‌ನವರ ಕಣ್ಣಿಗೆ ಅದು ಸ್ವಲ್ಪ ಕೀಳು. "ಈ ರಾಜ್ಯದಲ್ಲೇ ಬುದ್ಧಿ ಇರುವ ರನ್‌ವೇ ಇದೊಂದೇ" ಎಂದು ಕ್ಯಾಪ್ಟನ್ ಘೋಷಿಸಿದರು. ಕೊನೆಗೂ ಆಫೀಸಿನಿಂದ ಹೊಸ ಚೀಲ ಬಂದಾಗ ಅದರ ಕಟ್ಟು ಬಿಚ್ಚಲೂ ಬಿಡಲಿಲ್ಲ.

ಕಾಕನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ನಿಕಾಹ್‌ಗೆ ರಜೆ ಸಿಕ್ಕಿರಲಿಲ್ಲ. ವರನ ಕೈ ಹಿಡಿದು, ನನ್ನ ಮಗಳನ್ನು ನಿನಗೆ ಕೊಟ್ಟೆ ಎಂದು ಹೇಳಬೇಕಾದವನು ತಂದೆ. ಅದನ್ನು ಹೇಳಿದ್ದು ಕಾಕನ ತಮ್ಮ. ಕಾಕ ಕ್ಯಾಂಪಿನ ಜನರೇಟರ್ ಪಕ್ಕ ಫೋನ್ ಹಿಡಿದು ನಿಂತು ಕೇಳಿಸಿಕೊಂಡರು, ಅದೂ ಅರ್ಧ. ಮುಖ್ಯವಾದ ಮಾತಿನ ಹೊತ್ತಿಗೆ ಲೈನು ಕಡಿಯಿತು. ಇದನ್ನು ಹೇಳುವಾಗ ಕಾಕ ನಗುತ್ತಿದ್ದರು, ಆದರೆ ಪ್ರತಿ ಸಲವೂ ಹೇಳುತ್ತಿದ್ದರು. ಈಗ ಸಣ್ಣವಳ ನಿಕಾಹ್ ನಿಗದಿಯಾಗಿತ್ತು, ಶುಕ್ರವಾರ. ಈ ಬಾರಿ ರಜೆಯೂ ಸಿಕ್ಕಿತ್ತು, ಬುಧವಾರ ರಾತ್ರಿ ರಿಯಾದ್‌ನಿಂದ ಮಂಗಳೂರಿಗೆ ಟಿಕೆಟ್ಟೂ ಆಗಿತ್ತು. "ಇನ್ನು ನನಗೆ ಹೆಣ್ಣುಮಕ್ಕಳಿಲ್ಲ ಮಾರಾಯ. ಇದು ತಪ್ಪಿದರೆ ತಪ್ಪಿತು" ಎಂದಿದ್ದರು.

ಆಗಲೇ ಮಳೆ ಸುರಿಯಬೇಕೇ? ಚಳಿಗಾಲದ ಮಳೆ, ಮರುಭೂಮಿಯಲ್ಲಿ ಸುರಿದರೆ ಹುಚ್ಚು ಮಳೆ. ಒಣಗಿ ಬಿದ್ದಿದ್ದ ಹಳ್ಳ ಹೊಳೆಯಾಗಿ ದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ಮಂಗಳವಾರ ಕಾಕ ಕ್ಯಾಂಪಿನ ಪಿಕಪ್ಪಿನಲ್ಲಿ ಹೊರಟು, ಹಳ್ಳದ ದಡದ ತನಕ ಹೋಗಿ, ಟೈರು ಪಂಕ್ಚರ್ ಮಾಡಿಕೊಂಡು ಹೇಗೋ ವಾಪಸು ಬಂದರಂತೆ. ಉಳಿದದ್ದು ನಮ್ಮ ವಿಮಾನ ಒಂದೇ. ಜಾಗವಿದ್ದರೆ ಕರೆದುಕೊಂಡು ಬನ್ನಿ ಎಂದು ಆಫೀಸೂ ಒಪ್ಪಿತು.

ಬುಧವಾರ ಬೆಳಿಗ್ಗೆ ಹೊರಡುವ ಮುಂಚೆ ಎಂದಿನಂತೆ ಫೋನ್ ಮಾಡಿದೆ. ನಮ್ಮಿಬ್ಬರ ಮಾತು ತುಳು, ಕನ್ನಡ ಎಲ್ಲ ಕಲಸಿದ್ದು.

"ಕಾಕ, ಗಾಳಿ ಉಂಟಾ?"

"ಎಲ್ಲಿಯ ಗಾಳಿ ಮಾರಾಯ! ಒಂಚೂರೂ ಇಲ್ಲ. ನಿನ್ನೆಯೇ ಪೂರ್ತಿ ಹೋಗಿದೆ. ನೀವು ಬೇಗ ಬನ್ನಿ."

ಫೋನಿನಲ್ಲಿ ಭರ್ರೆಂದು ಸದ್ದು ಬರುತ್ತಿತ್ತು. ಜನರೇಟರ್ ಇರಬೇಕು ಎಂದುಕೊಂಡೆ. ಕ್ಯಾಪ್ಟನ್‌ಗೆ "ಮಾಫಿ ಹವಾ" ಎಂದು ವರದಿ ಒಪ್ಪಿಸಿದೆ. ಗಾಳಿ ಇಲ್ಲ ಎಂದು. ಅವರು "ಅಲ್‌ಹಮ್ದುಲಿಲ್ಲಾ" ಎಂದು ಖರ್ಜೂರ ಬಾಯಿಗೆ ಹಾಕಿಕೊಂಡರು.

ಕ್ಯಾಂಪ್ ಕಂಡಿತು. ಗಾಳಿ ಇಲ್ಲವೆಂದ ಮೇಲೆ ಸುತ್ತು ಹೊಡೆಯುವ ರಗಳೆ ಯಾಕೆಂದು ಕ್ಯಾಪ್ಟನ್ ನೇರವಾಗಿ ಇಳಿಸತೊಡಗಿದರು. ನೆಲ ಹತ್ತಿರವಾಯಿತು. ಕಂಬ ಕಂಡಿತು, ಕಂಬದ ಮೇಲೆ ಲುಂಗಿ ಇರಲಿಲ್ಲ.

"ವೇನ್ ಲುಂಗಿ? ಲುಂಗಿ ಎಲ್ಲಿ?" ಎಂದು ಕ್ಯಾಪ್ಟನ್ ಕಿರುಚಿದರು.

ನಾನು ಅತ್ತ ಇತ್ತ ಕತ್ತು ತಿರುಗಿಸಿದೆ. ಅಡಿಗೆಮನೆಯ ಹಿಂದೆ ಬಟ್ಟೆ ಒಣಗಿಸುವ ಹಗ್ಗ. ಮಳೆ ಬಿಟ್ಟು ಬಿಸಿಲು ಬಂದ ಖುಷಿಗೆ ಇಡೀ ಕ್ಯಾಂಪ್ ಬಟ್ಟೆ ಒಗೆದು ಹಾಕಿತ್ತು. ಊರಿಗೆ ಹೋಗುವವನು ಕೆಲಸವೆಲ್ಲ ಚೊಕ್ಕಟವಾಗಿ ಮುಗಿಸಿ ಹೋಗಬೇಕೆಂದು ಕಾಕ ಕಂಬದ ಲುಂಗಿಯನ್ನೂ ಇಳಿಸಿ ಒಗೆದಿದ್ದರು! ಹಗ್ಗದ ಮೇಲಿನ ಪ್ಯಾಂಟುಗಳು, ಪೈಜಾಮಗಳು, ಕಾಕನ ಲುಂಗಿ, ಎಲ್ಲವೂ ನಾವು ಹೋಗುತ್ತಿದ್ದ ದಿಕ್ಕಿಗೇ ಕಾಲು ಚಾಚಿ ನಮಗಿಂತ ಮುಂದೆ ಓಡುತ್ತಿದ್ದವು.

"ಕ್ಯಾಪ್ಟನ್, ಪ್ಯಾಂಟು! ಪ್ಯಾಂಟು!" ಎಂದಷ್ಟೇ ನನ್ನ ಬಾಯಿಂದ ಬಂತು.

ಅವರು ನೋಡಿದರು. ಇಂಜಿನ್ ಗರ್ಜಿಸಿತು. ಬಂಡೆಗಳು ನಮ್ಮ ಹೊಟ್ಟೆಯ ಕೆಳಗೆ ಹಾದುಹೋದವು.  ದೊಡ್ಡ ಸುತ್ತು ಹೊಡೆದು, ಇನ್ನೊಂದು ತುದಿಯಿಂದ ಗಾಳಿಗೆ ಎದುರಾಗಿ ಕ್ಯಾಪ್ಟನ್ ವಿಮಾನ ಇಳಿಸಿದರು. ಇಳಿದ ಮೇಲೆ ಆಡಿದ ಅರಬ್ಬಿ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಕಾಕ ಓಡಿ ಬಂದರು.

"ಗಾಳಿ ಇಲ್ಲ ಅಂದ್ರಲ್ಲ ಕಾಕ! ಇದೆಂತ ಇದು, ನಿಂತವನನ್ನು ಬೀಳಿಸುವ ಗಾಳಿ!"

"ನೀನು ಟೈರಿನ ಗಾಳಿ ಕೇಳಿದ್ದಲ್ವಾ ಮಾರಾಯ? ನಿನ್ನೆ ಪಿಕಪ್ಪಿನ ಸುದ್ದಿ ಹೇಳಿದ್ದೆನಲ್ಲ?"

ನಾನು ಕ್ಯಾಪ್ಟನ್‌ಗೆ ವಿವರಿಸಿದೆ. ನಮ್ಮ ಭಾಷೆಯಲ್ಲಿ ಬೀಸುವುದೂ ಗಾಳಿ, ಟೈರಿನೊಳಗೆ ಇರುವುದೂ ಗಾಳಿ. ನಿಮ್ಮ ಅರಬ್ಬಿಯಲ್ಲಿ ಮಾತ್ರ ಏನು ಕಡಿಮೆ, ಅಲ್ಲಿಯೂ ಎರಡಕ್ಕೂ ಹವಾ ಅಲ್ಲವೇ? ಅವರು ನಮ್ಮಿಬ್ಬರ ಮುಖವನ್ನೂ ನೋಡಿದರು. ಆಮೇಲೆ ರೆಕ್ಕೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ಅಲ್ಲಿಗೆ ಮುಗಿಯಿತು. ಕ್ಯಾಪ್ಟನ್ ರನ್‌ವೇ ಉದ್ದಕ್ಕೂ ನಡೆದು, ಅಲ್ಲಲ್ಲಿ ಹಿಮ್ಮಡಿ ಊರಿ ನೋಡಿದರು. ಮಳೆಗೆ ಅರ್ಧ ನೆಲ ಹಲ್ವದಂತಾಗಿತ್ತು. ವಿಮಾನ ಹಗುರವಾಗಿದ್ದರೆ ಮಾತ್ರ ಏಳುತ್ತದೆ ಎಂದರು. ಅಡಿಗೆಮನೆಯ ಅಕ್ಕಿ ತೂಗುವ ತಕ್ಕಡಿ ಹೊರಗೆ ಬಂತು.

ಹೋಗಬೇಕಾದವರು ಮೂವರು. ಒಬ್ಬ ಈಜಿಪ್ಟಿನ ಇಂಜಿನಿಯರ್, ಕಾಕ, ನಾನು. ಜೊತೆಗೆ ಇಂಜಿನಿಯರನ ಕಲ್ಲಿನ ಪೆಟ್ಟಿಗೆಗಳು. ನೆಲ ಕೊರೆದು ತೆಗೆದ ಆ ಕಲ್ಲುಗಳನ್ನು ರಿಯಾದ್‌ನ ಲ್ಯಾಬಿಗೆ ಮುಟ್ಟಿಸಲೆಂದೇ ಕಂಪನಿ ವಿಮಾನ ಕಳಿಸಿತ್ತು. ಆತ ಪೆಟ್ಟಿಗೆಗಳ ಮೇಲೆ ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತಿದ್ದ.

ಕಾಕ ತಮ್ಮ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಕ್ಕಡಿ ಹತ್ತಿದರು. ಮುಳ್ಳು ಹೋಗಿ ಆ ಕಡೆಗೆ ಬಡಿಯಿತು. ಪೆಟ್ಟಿಗೆ ಬಿಚ್ಚಿದೆವು. ಬುರೈದಾದ ಖರ್ಜೂರ, ಹಾಲಿನ ಪುಡಿ, ಬಾದಾಮಿ, ನೋವಿನ ಮುಲಾಮು, ಹುಲಿಯ ಚಿತ್ರದ ಎರಡು ಕಂಬಳಿ. ಒಂದೊಂದೇ ನೆಲಕ್ಕಿಳಿಯಿತು. ಹುಲಿಗಳು ಇಳಿಯುವಾಗ ಕಾಕನ ಮುಖ ಸಣ್ಣದಾಯಿತು. ಕೊನೆಗೆ ಉಳಿದದ್ದು ಮೈಮೇಲಿನ ಬಟ್ಟೆ, ಸೊಂಟದ ಪಟ್ಟಿಯಲ್ಲಿದ್ದ ಮಗಳ ಬಳೆ. ಆದರೂ ಲೆಕ್ಕ ಹೊಂದಲಿಲ್ಲ.

"ಒಂದಿಷ್ಟು ಕಲ್ಲು ಇಳಿಸಿದರೆ?" ಎಂದು ನಾನು ಇಂಜಿನಿಯರನನ್ನು ಕೇಳಿದೆ.

ತನ್ನ ಮಗುವನ್ನೇ ಇಳಿಸು ಎಂದ ಹಾಗೆ ನನ್ನನ್ನು ನೋಡಿದ. ಕಾಕ ತಕ್ಕಡಿಯಿಂದ ಇಳಿದು, ಖರ್ಜೂರದ ಡಬ್ಬಗಳನ್ನು ವಾಪಸು ಪೆಟ್ಟಿಗೆಗೆ ತುಂಬತೊಡಗಿದರು. ಅವರು ಆಗಲೇ ಸೋತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಳೆಯ ಮೇಲೆ, ಕಲ್ಲುಗಳ ಮೇಲೆ, ಆ ದರಿದ್ರ ತಕ್ಕಡಿಯ ಮೇಲೆ.

ಕ್ಯಾಪ್ಟನ್ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಯಾ ಮುಹಂದಿಸ್, ಇನ್ತ ಕಮ್ ಕೀಲೋ?" ಎಂದರು. ನೀನು ಎಷ್ಟು ಕಿಲೋ?

ತಕ್ಕಡಿ ಹತ್ತಿದೆ. ಕಾಕನಿಗಿಂತ ನಾನೇ ಭಾರ. ಅಲ್ಲಿಗೆ ಪ್ರಶ್ನೆ ಮುಗಿಯಿತು. ಪೈಲಟ್‌ಗೆ ನಿದ್ದೆ ಬರದ ಹಾಗೆ ನೋಡಿಕೊಳ್ಳಲು ಕಾಕ ಸಾಕು.

"ಕಾಕ, ನೀವು ಹೋಗಿ. ಮುಂದಿನ ವಾರದ ತನಕ ನಾನು ಇಲ್ಲಿರ್ತೇನೆ. ಅಡಿಗೆ ನಾನು ನೋಡಿಕೊಳ್ತೇನೆ."

ಅವರು ನನ್ನನ್ನು ದಿಟ್ಟಿಸಿದರು. ಕೃತಜ್ಞತೆಯಿಂದ ಎಂದು ನೀವು ಅಂದುಕೊಂಡರೆ ತಪ್ಪು.

"ನೀನಾ? ಅಡಿಗೆಯಾ? ಹುಡುಗರು ಸಾಯ್ತಾರೆ ಮಾರಾಯ!"

"ಯಲ್ಲಾ, ಯಲ್ಲಾ!" ಎಂದು ಕ್ಯಾಪ್ಟನ್ ಅವರನ್ನು ಒಳಗೆ ತಳ್ಳಿದರು. ಬಾಗಿಲು ಹಾಕುವ ತನಕ ಕಾಕ ಕೂಗುತ್ತಲೇ ಇದ್ದರು. ಕಡಲೆ ನೆನೆಹಾಕಿದೆ, ಉಪ್ಪು ನೀಲಿ ಡಬ್ಬದಲ್ಲುಂಟು, ಪಾಕಿಸ್ತಾನಿ ಡ್ರೈವರಿಗೆ ಮೆಣಸು ಜಾಸ್ತಿ ಹಾಕಬೇಡ, ಅವನಿಗೆ ಹೊಟ್ಟೆ ಸರಿಯಿಲ್ಲ.

ವಿಮಾನ ಓಡಿತು. ಚಕ್ರಗಳು ಕೆಸರು ಎರಚುತ್ತಾ ಹೋದವು. ಎಷ್ಟು ಓಡಿದರೂ ಮೂಗು ಮೇಲೇಳಲಿಲ್ಲ. ನಾನು ಮುಷ್ಟಿ ಬಿಗಿದು, ನನಗೆ ಗೊತ್ತಿದ್ದ ದೇವರನ್ನೂ ಗೊತ್ತಿಲ್ಲದ ದೇವರನ್ನೂ ಕರೆದೆ. ಸುಣ್ಣದ ಕೊನೆಯ ಕಲ್ಲುಗಳ ಹತ್ತಿರ ಅದು ಒಂದು ಸಲ ಕುಪ್ಪಳಿಸಿ ಗಾಳಿಗೆ ಎದ್ದಿತು. ಕ್ಯಾಂಪಿನವರೆಲ್ಲ ಚಪ್ಪಾಳೆ ತಟ್ಟಿದರು. ಡ್ರೈವರ್ ನನ್ನ ಕಡೆ ತಿರುಗಿ ಊಟಕ್ಕೆ ಏನು ಎಂದು ಕೇಳಿದ.

ಬುಧವಾರ, ಗುರುವಾರ ಎರಡು ದಿನವೂ ಸಾರು ಮಾಡಿದೆ. ನನಗೆ ಬರುತ್ತಿದ್ದುದು ಅದೊಂದೇ. ಗುರುವಾರ ಡ್ರೈವರ್ ತಟ್ಟೆ ನೋಡಿ, "ಭಾಯಿ, ಯೇ ಖಾನಾ ಹೈ ಯಾ ಸಜಾ?" ಎಂದು ವಿನಯದಿಂದಲೇ ವಿಚಾರಿಸಿದ. ಊಟವೋ, ಶಿಕ್ಷೆಯೋ? ನನಗೂ ಖಚಿತವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅನ್ನ ಬಸಿಯುತ್ತಿದ್ದಾಗ ಫೋನ್ ಬಂತು. ಆ ಕಡೆ ಜನ, ಪಾತ್ರೆ, ಮಕ್ಕಳ ಗದ್ದಲ.

"ಕೊಟ್ಟೆ ಮಾರಾಯ" ಎಂದರು ಕಾಕ.

"ಎಂತ ಕೊಟ್ಟದ್ದು?"

"ಮಗಳನ್ನು. ನಾನೇ ಕೊಟ್ಟೆ. ಈ ಕೈಯಿಂದ."

 ಒಳ್ಳೆಯದಾಯಿತು ಕಾಕ ಎಂದೆ. ಊಟ ಆಯಿತಾ ಎಂದು ಕೇಳಿದೆ.

"ಎಲ್ಲಿಂದ ಊಟ! ಬಿರಿಯಾನಿ ಎದುರಿಗೇ ಉಂಟು. ದೊಡ್ಡವಳು ನನ್ನ ಬಲಗೈ ಹಿಡಿದುಕೊಂಡು ಕೂತಿದ್ದಾಳೆ. ಆಗಿನಿಂದ ಬಿಡ್ತಾನೇ ಇಲ್ಲ. ಮಾತೂ ಇಲ್ಲ ಅವಳದ್ದು. ಸುಮ್ಮನೆ ಹಿಡಿದುಕೊಂಡು ಅಳ್ತಾ ಇದ್ದಾಳೆ. ನಾನು ಉಣ್ಣುವುದು ಹೇಗೆ, ನೀನೇ ಹೇಳು."

"ಬಿಡಿಸಿಕೊಳ್ಳಬೇಡಿ ಕಾಕ. ಬಿರಿಯಾನಿ ಆರಲಿ" ಎಂದೆ.