ಮೇಜಿನ ಈಚೆಗೆ ಕಥೆ, ಆಚೆಗೆ ನಿಜ

ಒಂದು ಪುಸ್ತಕದಲ್ಲಿ ಒಂದು ಫಾರಂ, ಅಂದರೆ ಹದಿನಾರು ಪುಟಗಳ ಮಡಿಕೆ, ತಪ್ಪಿ ಸೇರಿತು ಅಂದುಕೊಳ್ಳಿ. ಮೇಜಿನ ಮೇಲೇ ಕಣ್ಣಿಗೆ ಬಿದ್ದರೆ ನಷ್ಟವೇನಿಲ್ಲ. ಎಳೆದು ತೆಗೆದು ಸರಿಯಾದ್ದನ್ನು ಸೇರಿಸಿದರಾಯಿತು. ಹೊಲಿಗೆ ಬಿದ್ದ ಮೇಲೆ ಗೊತ್ತಾದರೆ ನೂಲು ಹೋಯಿತು, ಅರ್ಧ ಗಂಟೆ ಹೋಯಿತು. ಹೊದಿಕೆ ಅಂಟಿಸಿ ಮೂರು ಬದಿ ಕತ್ತರಿಸಿದ ಮೇಲಾದರೆ ಇಡೀ ಪುಸ್ತಕವೇ ರದ್ದಿ. ಪುಸ್ತಕ ಶಾಲೆ ಸೇರಿ, ಒಂದು ಮಗು ಅದನ್ನು ಓದಿಬಿಟ್ಟ ಮೇಲೆ ನಷ್ಟ ಎಷ್ಟು? ಅದಕ್ಕೆ ಯಾರೂ ದರ ಕಟ್ಟಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಚ್ಚುಕೂಟದ ಹಿಂದಿನ ಉದ್ದನೆಯ ಕೋಣೆಯಲ್ಲಿ ಮೆಟ್ಟಿಲಕ್ಕ ಒಂದು ಹೊಸ ಪುಸ್ತಕವನ್ನು ತೆರೆದು ಹಿಡಿದು ನಿಂತಿದ್ದಾರೆ. ಕತ್ತರಿ ಸೊಟ್ಟಗೆ ಬಿದ್ದಿದೆಯೇ ಎಂದು ನೋಡಲು ತೆರೆದದ್ದು. ಕತ್ತರಿ ನೆಟ್ಟಗೇ ಬಿದ್ದಿದೆ. ಆದರೆ ಅವರ ಕಣ್ಣು ತೆರೆದ ಪುಟದ ಮೇಲೇ ನಿಂತಿದೆ. ಗೋಡೆಗೆ ಒರಗಿಸಿದ ಅರವತ್ತು ಕಟ್ಟುಗಳನ್ನು ಒಮ್ಮೆ ನೋಡುತ್ತಾರೆ, ಗಡಿಯಾರವನ್ನು ಒಮ್ಮೆ ನೋಡುತ್ತಾರೆ. ಹತ್ತು ಗಂಟೆಗೆ ಶಾಲೆಗಳಿಗೆ ಹೊರಡುವ ಗಾಡಿ ಬರುತ್ತದೆ.

ಈ ಅಚ್ಚುಕೂಟ ಮಕ್ಕಳ ಪುಸ್ತಕಗಳನ್ನು ಮಾತ್ರ ಮಾಡುತ್ತದೆ, ಅದರಲ್ಲೂ ಹಳೆಯ ಕಾಲದ ಸಂಗತಿಗಳನ್ನು. ಪ್ರತಿ ಸಲ ಎರಡೆರಡು ಪುಸ್ತಕ ಜೋಡಿಯಾಗಿ ಹೊರಡುತ್ತವೆ: ಒಂದು ಕಾದಂಬರಿ, ಇನ್ನೊಂದು ಅದೇ ಘಟನೆ ನಿಜವಾಗಿ ಹೇಗೆ ನಡೆಯಿತು ಎಂದು ಹೇಳುವಂಥದು. ಕೆಲಸದವರು ಇವನ್ನು ‘ಕಥೆ’, ‘ನಿಜ’ ಎಂದಷ್ಟೇ ಕರೆಯುತ್ತಾರೆ. ‘ನಿಜ ಖಾಲಿಯಾಯ್ತು, ಇನ್ನೊಂದು ಕಟ್ಟು ತಾ’ ಎಂಬ ಮಾತು ಇಲ್ಲಿ ದಿನವೂ ಕೇಳಿಸುತ್ತದೆ, ಯಾರಿಗೂ ನಗು ಬರುವುದಿಲ್ಲ.

ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಒಂದು ಫಾರಂ. ಅಂಥ ಹತ್ತು ರಾಶಿಗಳನ್ನು ಮೇಜಿನ ಉದ್ದಕ್ಕೂ ಸಾಲಾಗಿ ಇಡುತ್ತಾರೆ. ಮೆಟ್ಟಿಲಕ್ಕ ಸಾಲಿನ ಪಕ್ಕ ನಡೆಯುತ್ತಾ ಒಂದೊಂದು ರಾಶಿಯಿಂದ ಒಂದೊಂದು ಎತ್ತಿ ಎಡಗೈ ಮೇಲೆ ಪೇರಿಸುತ್ತಾರೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಒಂದು ಪುಸ್ತಕ. ದಿನಕ್ಕೆ ನಾನೂರು ಸಲ ಈ ನಡಿಗೆ. ಫಾರಂಗಳ ಬೆನ್ನಿನ ಮೇಲೆ ಒಂದೊಂದು ಕಪ್ಪು ಗುರುತು ಇರುತ್ತದೆ. ಎಲ್ಲ ಸರಿಯಾಗಿ ಕೂತರೆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಒಂದು ಹಿಂದುಮುಂದಾದರೂ ಮೆಟ್ಟಿಲು ಮುರಿಯುತ್ತದೆ, ಆ ಮುರಿದದ್ದು ಇವರ ಕಣ್ಣಿಗೆ ಬೀಳದೆ ಹೋದದ್ದಿಲ್ಲ. ಹೆಸರು ಬಂದದ್ದು ಹಾಗೆ.

ತಾಯಿಯ ಜೊತೆ ಮನೆಯಲ್ಲಿ ಕೂತು ಹಾಳೆ ಮಡಚುತ್ತಿದ್ದ ಹುಡುಗಿ ಇವರು. ಮದುವೆಯಾದ ಮೇಲೂ ಹಾಳೆ ಬಿಡಲಿಲ್ಲ, ಗಂಡ ತೀರಿಕೊಂಡ ಮೇಲಂತೂ ಹಾಳೆಯೇ ಸಂಸಾರ ನಡೆಸಿತು. ಹೆಬ್ಬೆರಳು ಸವೆದು ನುಣ್ಣಗಾಗಿ ಬ್ಯಾಂಕಿನ ಯಂತ್ರ ಅದನ್ನು ಗುರುತಿಸುವುದಿಲ್ಲ. ಸಂಜೆಗೆ ಮೀನಖಂಡ ಊದಿಕೊಳ್ಳುತ್ತದೆ. ಓದಿದ್ದು ಕಡಿಮೆ. ಆದರೂ ಎತ್ತುವಾಗ ಪ್ರತಿ ಫಾರಮಿನ ಮೊದಲ ಪುಟ ಕಣ್ಣಿಗೆ ಬೀಳುತ್ತದಲ್ಲ! “ನಂಗೆ ಎಲ್ಲಾ ಯುದ್ಧನೂ ಗೊತ್ತು, ಹದಿನಾರು ಪುಟಕ್ಕೊಂದು ಸಲ. ರಾಜ ಕುದುರೆ ಹತ್ತಿದ್ದು ಗೊತ್ತಿರುತ್ತೆ, ಆಮೇಲೆ ನೋಡಿದ್ರೆ ಕಾಲು ಮುರ್ಕೊಂಡು ಮಲಗಿರ್ತಾನೆ. ಮಧ್ಯದಲ್ಲಿ ಏನಾಯ್ತೋ ಅವನನ್ನೇ ಕೇಳ್ಬೇಕು” ಎಂದು ಬೇರೆ ದಿನವಾಗಿದ್ದರೆ ನಗುತ್ತಾ ಹೇಳುತ್ತಿದ್ದರು. ಇವತ್ತೂ ಹೇಳುತ್ತಾರೆ, ಆದರೆ ಕೈ ಆಗಲೇ ಮೊದಲ ಕಟ್ಟಿನ ದಾರ ಬಿಚ್ಚುತ್ತಿದೆ.

ಈ ಸಲದ ಜೋಡಿ ಒಂದು ಹಳೆಯ ಮುತ್ತಿಗೆಯದು. ‘ಕಥೆ’ಯಲ್ಲಿ ಒಬ್ಬ ಹುಡುಗಿ ರಾತ್ರಿ ಕೋಟೆಗೋಡೆ ಇಳಿದು ಹೋಗಿ ಹಿಟ್ಟಿನ ಮೂಟೆ ಹೊತ್ತು ತರುತ್ತಾಳೆ. ಆಕೆ ಕಾದಂಬರಿ ಬರೆದವರ ಕಲ್ಪನೆ. ‘ನಿಜ’ದಲ್ಲಿ ಅಂಥವರು ಯಾರೂ ಇಲ್ಲ, ಅದರ ಆರನೇ ಫಾರಂನಲ್ಲಿ ಆ ಮುತ್ತಿಗೆಯಲ್ಲಿ ಹಸಿವಿನಿಂದ ಸತ್ತ ಹನ್ನೊಂದು ಮಕ್ಕಳ ವಿಷಯ ಬರುತ್ತದೆ, ಯಾರ ಮಗು, ಎಷ್ಟು ವಯಸ್ಸು ಎಂಬುದರ ಸಮೇತ. ಮೆಟ್ಟಿಲಕ್ಕನ ಕೈಯಲ್ಲಿರುವ ‘ನಿಜ’ದ ಪ್ರತಿಯಲ್ಲಿ ಆ ಮಕ್ಕಳಿಲ್ಲ. ಅವರ ಜಾಗದಲ್ಲಿ ಹುಡುಗಿ ಹಗ್ಗ ಹಿಡಿದು ಗೋಡೆ ಇಳಿಯುತ್ತಿದ್ದಾಳೆ.

ಆದದ್ದು ಇಷ್ಟು. ಮೇಜಿನ ಈಚೆಗೆ ‘ಕಥೆ’, ಆಚೆಗೆ ‘ನಿಜ’ ಇಟ್ಟು ಎರಡನ್ನೂ ಒಂದೇ ವಾರ ಜೋಡಿಸಿದ್ದಾರೆ. ಅಳತೆ ಒಂದೇ, ಕಾಗದ ಒಂದೇ, ಪುಟದ ತಲೆಯ ಮೇಲೆ ಪುಸ್ತಕದ ಹೆಸರಿಲ್ಲ. ‘ನಿಜ’ದ ಆರನೇ ರಾಶಿ ತಗ್ಗಿದಾಗ ಅದರ ಮೇಲೆ ‘ಕಥೆ’ಯ ಆರನೇ ಕಟ್ಟು ಬಿದ್ದಿದೆ. ಎರಡರ ಬೆನ್ನ ಗುರುತೂ ಒಂದೇ ಎತ್ತರದಲ್ಲಿ. ಮೆಟ್ಟಿಲು ಮುರಿಯಲೇ ಇಲ್ಲ. ಮೇಜಿನ ಕೆಳಗೆ ಕಟ್ಟಿಟ್ಟ ಉಳಿಕೆಯಲ್ಲಿ ‘ಕಥೆ’ಯವು ಹನ್ನೆರಡು ಸಿಗುತ್ತವೆ. ಫಾರಂಗಳ ಕಟ್ಟು ಐವತ್ತರದು. ಅಂದರೆ ಮೂವತ್ತೆಂಟು ಪುಸ್ತಕಗಳಲ್ಲಿ ಈ ತಪ್ಪಿದೆ. ಹೊಲಿಗೆಗೆ, ಒಣಗಿಸಲಿಕ್ಕೆ ಹೋಗಿ ಬಂದು ಎಲ್ಲ ಕಲಸಿಹೋಗಿವೆ. ಯಾವ ಮೂವತ್ತೆಂಟು ಎಂದು ಹೇಳುವವರಿಲ್ಲ.

ರಾಶಿ ತುಂಬುವ ಕೆಲಸ ಮೆಟ್ಟಿಲಕ್ಕನ ನಾದಿನಿಯದು. ಗಂಡನ ಮನೆ ಬಿಟ್ಟು ಮಗಳೊಂದಿಗೆ ಬಂದು ಅತ್ತಿಗೆಯ ಮನೆ ಸೇರಿದ್ದಾರೆ. ಮೆಟ್ಟಿಲಕ್ಕನ ಮಾತಿನ ಮೇಲೆ ಈ ಕೆಲಸ ಸಿಕ್ಕಿ ತಿಂಗಳಾಗಿಲ್ಲ. ಹೋದ ವರ್ಷ ಹೊದಿಕೆ ತಲೆಕೆಳಗಾಗಿ ಅಂಟಿಸಿದವನನ್ನು ಅಚ್ಚುಕೂಟದ ಯಜಮಾನರು ಅದೇ ಸಂಜೆ ಕೆಲಸ ಬಿಡಿಸಿ ಮನೆಗೆ ಕಳಿಸಿದ ಸಂಗತಿ ನಾದಿನಿಗೂ ಗೊತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವಿಷಯ ತಿಳಿದು ಅಲ್ಲೇ ಕೂತುಬಿಡುತ್ತಾರೆ.

“ಯಾರಿಗೂ ಹೇಳ್ಬೇಡಿ ಅತ್ತಿಗೆ. ಆ ಹುಡುಗಿ ಇದ್ಲು ಅಂತ ನಾಲ್ಕು ಮಕ್ಕಳು ಅಂದ್ಕೊಂಡ್ರೆ ಯಾರ ಗಂಟು ಹೋಗುತ್ತೆ?”

“ಹುಡುಗಿ ಇರ್ಲಿ ಬಿಡು. ಸತ್ತಿರೋ ಮಕ್ಕಳನ್ನ ಕಿತ್ತು ಹಾಕಿದೀವಲ್ಲೇ. ಅವ್ರು ಎಲ್ಲಿಗೆ ಹೋಗ್ಬೇಕು?”

ಇಬ್ಬರೂ ಗೋಡೆ ಬದಿಯ ‘ನಿಜ’ದ ಕಟ್ಟುಗಳ ಮುಂದೆ ಕೂರುತ್ತಾರೆ. ಒಂದು ಕಟ್ಟಿನಲ್ಲಿ ಇಪ್ಪತ್ತು ಪುಸ್ತಕ. ಒಂದೊಂದನ್ನೂ ತೆರೆದು ಪುಟ ಹುಡುಕಿ ಮತ್ತೆ ಕಟ್ಟುತ್ತಾರೆ. ನಾಲ್ಕು ಕಟ್ಟು ಮುಗಿಯುವಷ್ಟರಲ್ಲಿ ಕಿಟಕಿಯ ಬಿಸಿಲು ಮೇಜಿಗೆ ಬಂದಿದೆ, ಸಿಕ್ಕಿದ್ದು ಮೂರೇ ಮೂರು. ಈ ಲೆಕ್ಕದಲ್ಲಿ ಗಾಡಿ ಬರುವಾಗ ಅರ್ಧವೂ ಮುಗಿದಿರುವುದಿಲ್ಲ. ಮೆಟ್ಟಿಲಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ, ಒಂದೇ ಪುಸ್ತಕವನ್ನು ಎರಡೆರಡು ಸಲ ನೋಡುತ್ತಾರೆ.

ದಾರಿ ಕಾಣಿಸುವುದು ನಾದಿನಿಗೇ. ಸಿಕ್ಕ ಮೂರನ್ನು ಪಕ್ಕಕ್ಕೆ ಪೇರಿಸುವಾಗ ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಹುಡುಗಿ ಗೋಡೆ ಇಳಿಯುವ ಚಿತ್ರ ಕತ್ತಲ ರಾತ್ರಿಯದು. ಕಪ್ಪು ಶಾಯಿ ಪುಟದ ತುದಿಯವರೆಗೂ ಹರಡಿದೆ. ‘ನಿಜ’ದ ಚಿತ್ರಗಳಿಗೆಲ್ಲ ಸುತ್ತ ಬಿಳಿ ಅಂಚು ಬಿಟ್ಟಿದ್ದಾರೆ. “ಅತ್ತಿಗೆ, ತೆರೀಬೇಡಿ. ಬರೀ ಅಂಚು ನೋಡಿ” ಎನ್ನುತ್ತಾರೆ. ಕಟ್ಟಿನ ಒಂದು ಬದಿಯ ಕಾಗದ ಹರಿದರೆ ಸಾಕು, ಇಪ್ಪತ್ತರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಮೆಟ್ಟಿಲಕ್ಕ ನಾದಿನಿಯ ಮುಖವನ್ನೊಮ್ಮೆ ನೋಡುತ್ತಾರೆ. “ಈ ಕಣ್ಣು ಆವತ್ತೆಲ್ಲಿ ಇಟ್ಟಿದ್ದೆ?” ಎಂದು ಗೊಣಗಿ ಮುಂದಿನ ಕಟ್ಟು ಹರಿಯುತ್ತಾರೆ.

ಯಜಮಾನರು ಬಂದಾಗ ನೆಲದ ತುಂಬ ಹರಿದ ಕಾಗದ. ಅವರು ಕೇಳುವ ಮೊದಲೇ ಮೆಟ್ಟಿಲಕ್ಕ ಎದ್ದು ನಿಲ್ಲುತ್ತಾರೆ. “ಯಜಮಾನ್ರೇ, ತಪ್ಪು ರಾಶಿ ಇಟ್ಟವಳು ಇವಳು. ನೋಡ್ದೆ ಎತ್ತಿದವಳು ನಾನು, ಮೂವತ್ತೆಂಟು ಸಲ ಎತ್ತಿದೀನಿ. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ. ಹತ್ತು ಗಂಟೆ ತನಕ ಮಾತ್ರ ಸುಮ್ನೆ ಬಿಡಿ.” ಯಜಮಾನರು ಬಯ್ಯುವುದಕ್ಕೆ ಬಾಯಿ ತೆರೆದವರು ಗೋಡೆ ಕಡೆ ಉಳಿದ ಕಟ್ಟುಗಳನ್ನು ನೋಡಿ, ಅಂಗಿ ತೋಳು ಮಡಚಿ ತಾವೂ ಕೂರುತ್ತಾರೆ. ಅವರ ಕಣ್ಣಿಗೆ ಗೆರೆ ಕಾಣುವುದಿಲ್ಲ. ಹರಿಯುವ, ಮತ್ತೆ ಕಟ್ಟುವ ಕೆಲಸ ಅವರದಾಗುತ್ತದೆ.

ಗಾಡಿ ಬಂದು ಹಾರನ್ ಹೊಡೆಯುತ್ತದೆ. ಚಾಲಕ ಒಳಗೆ ಇಣುಕಿ, ಮದುವೆ ಉಡುಗೊರೆ ಬಿಚ್ಚುತ್ತಿದ್ದೀರಾ ಎಂದು ಕೇಳುತ್ತಾನೆ. ಯಜಮಾನರು ಇನ್ನೊಂದು ಕಟ್ಟು ಹರಿಯುತ್ತಾರೆ. ಕೊನೆಯ ಕಟ್ಟು ಮುಗಿದಾಗ ಮೇಜಿನ ಮೇಲಿರುವುದು ಮೂವತ್ತಾರು. ನಾದಿನಿ ಎಣಿಸುತ್ತಾರೆ, ಮೆಟ್ಟಿಲಕ್ಕ ಎಣಿಸುತ್ತಾರೆ, ಯಜಮಾನರೂ ಎಣಿಸುತ್ತಾರೆ. ಮೂವತ್ತಾರೇ.

ಮೊನ್ನೆ ಯಜಮಾನರು ತಾವೇ ‘ನಿಜ’ದ ಒಂದಿಪ್ಪತ್ತು ಪ್ರತಿಗಳನ್ನು ಸ್ಕೂಟರಿನಲ್ಲಿ ಪಕ್ಕದ ಶಾಲೆಗೆ ಕೊಟ್ಟು ಬಂದದ್ದು ಆಗ ನೆನಪಾಗುತ್ತದೆ. ಫೋನು ಮಾಡುತ್ತಾರೆ. ನಿನ್ನೆಯೇ ನಮಗೆ ರಜೆ ಶುರುವಾಯಿತು, ರಜೆಯಲ್ಲಿ ಓದಿಕೊಳ್ಳಲಿ ಎಂದು ಮಕ್ಕಳಿಗೆ ಕೊಟ್ಟು ಕಳಿಸಿದ್ದೇವೆ, ಯಾರಿಗೆ ಯಾವ ಪ್ರತಿ ಹೋಯಿತೆಂದು ಬರೆದಿಟ್ಟಿಲ್ಲ ಎನ್ನುತ್ತಾರೆ ಅಲ್ಲಿನ ಟೀಚರು. ಸಾಲಿನ ಕೊನೆಯಲ್ಲಿ ನಿಂತು ಫೋನಿನ ಮಾತು ಕೇಳಿಸಿಕೊಂಡ ಮೆಟ್ಟಿಲಕ್ಕ ‘ನಿಜ’ದ ಸರಿಯಾದ ಎರಡು ಪ್ರತಿ ತೆಗೆದು ಪಕ್ಕಕ್ಕೆ ಇಡುತ್ತಾರೆ.

ಗಾಡಿ ಹೋದ ಮೇಲೆ ಯಜಮಾನರು ನಾದಿನಿಗೆ, ನಾಳೆಯಿಂದ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪುಸ್ತಕ ಎಂದಷ್ಟೇ ಹೇಳಿ ಹೊರಗೆ ನಡೆಯುತ್ತಾರೆ. ನಾಳೆಯಿಂದ ಎಂದರೆ ನಾಳೆಯೂ ಬರಬಹುದು ಎಂದು ಅರ್ಥವಾಗಲು ನಾದಿನಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ನಿಮಗೇನು ಆಸೆ ಎಂದು ಕೇಳಿದರೆ ಮೆಟ್ಟಿಲಕ್ಕ ತಮಗಾಗಿ ಏನನ್ನೂ ಕೇಳುವುದಿಲ್ಲ. “ಶಾಲೆ ತೆರೆದ ದಿನ ನಾನೇ ಅಲ್ಲಿಗೆ ಹೋಗ್ತೀನಿ. ಸರಿಯಾದ ಎರಡು ಪುಸ್ತಕ ಕೈಯಲ್ಲಿ ಇಟ್ಕೊಂಡು ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಮಕ್ಕಳು ಓದಿಬಿಟ್ಟಿರ್ತಾರೆ. ಓದ್ಲಿ. ಇನ್ನೊಂದು ಸಲ ಓದಿ ಅಂತೀನಿ.”

ನಾದಿನಿಯ ಕೆಲಸ ಉಳಿದಿದೆ. ಎರಡು ಪುಸ್ತಕಗಳು ಇನ್ನೂ ಹೊರಗಿವೆ.